ನಮ್ಮ ಸೀಮೆಯಲ್ಲಿ ಓಟ್ಸ್ ಬೆಳೆಯಬಹುದೇ? ಕಾಳಿಗಾಗಿಯೋ, ಮೇವಿಗಾಗಿಯೋ?

ಮಸಾರಿ ಹೊಲ (ಜಗಳೂರು)

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನನ್ನದು ಜಗಳೂರು ತಾಲ್ಲೂಕಿನಲ್ಲಿ ಐದು ಎಕರೆ ಮಸಾರಿ ಭೂಮಿ. ಮೂರೂವರೆ ಎಕರೆಯಲ್ಲಿ ಮಳೆ ನಂಬಿ ಮೆಕ್ಕೆಜೋಳ ಬಿತ್ತುತ್ತೇನೆ. ಉಳಿದ ಒಂದೂವರೆ ಎಕರೆಗೆ ಎರಡು ಇಂಚು ನೀರು ಕೊಡುವ ಒಂದು ಕೊಳವೆಬಾವಿ ಇದ್ದು, ಅಲ್ಲಿ ಇಷ್ಟು ವರ್ಷ ಈರುಳ್ಳಿ ಹಾಕುತ್ತಿದ್ದೆ. ಕಳೆದ ಎರಡು ಸಲ ಈರುಳ್ಳಿಯಲ್ಲಿ ಕೊಯ್ಲಿನ ಕೂಲಿಯೂ ಹುಟ್ಟಲಿಲ್ಲವಾದ್ದರಿಂದ ಈ ಹಿಂಗಾರಿಗೆ ಬೇರೆ ಏನನ್ನಾದರೂ ಬಿತ್ತಬೇಕೆಂದು ಯೋಚಿಸುತ್ತಿದ್ದೇನೆ. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು, ಒಂದು ಎಮ್ಮೆ ಇವೆ.

ಓಟ್ಸ್ ವಿಚಾರ ನನ್ನ ತಲೆ ಹೊಕ್ಕಿದ್ದು ಅವ್ವನಿಂದ. ಅವಳಿಗೆ ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ವೈದ್ಯರು ಮಾತ್ರೆ ಬರೆದುಕೊಟ್ಟು, ಬೆಳಗಿನ ತಿಂಡಿಗೆ ಓಟ್ಸ್ ರೂಢಿ ಮಾಡಿಕೊಳ್ಳಲು ಹೇಳಿದರು. ಅಂಗಡಿಯಲ್ಲಿ ಕೇಳಿದರೆ ಕೆಜಿಗೆ ನೂರೈವತ್ತರಿಂದ ಇನ್ನೂರು ರೂಪಾಯಿ ಹೇಳುತ್ತಾರೆ. ಒಂದು ಕ್ವಿಂಟಲ್ ಮೆಕ್ಕೆಜೋಳ ಮಾರಿದ ದುಡ್ಡಿಗೆ ಹನ್ನೆರಡು ಹದಿಮೂರು ಕೆಜಿ ಓಟ್ಸ್ ಬರುತ್ತದೆಂಬ ಲೆಕ್ಕ ಹಾಕಿದಾಗಿನಿಂದ, ಇದನ್ನು ನಾವೇ ಏಕೆ ಬೆಳೆಯಬಾರದೆಂಬ ಪ್ರಶ್ನೆ ಮನಸ್ಸಿನಿಂದ ಹೋಗುತ್ತಿಲ್ಲ.

ಇದೇ ಹೊತ್ತಿಗೆ ಒಬ್ಬ ಬೀಜದ ಏಜೆಂಟರು ನಮ್ಮ ಊರಿಗೆ ಬಂದು, ಎಕರೆಗೆ ಎಂಟು ಸಾವಿರ ರೂಪಾಯಿಯ ಬೀಜ ತೆಗೆದುಕೊಂಡರೆ ಬೆಳೆದ ಕಾಳನ್ನೆಲ್ಲ ಕ್ವಿಂಟಲ್‌ಗೆ ಆರು ಸಾವಿರದಂತೆ ತಾವೇ ಮರಳಿ ಕೊಳ್ಳುವುದಾಗಿ ಹೇಳಿ ಹೋಗಿದ್ದಾರೆ. ಅವರು ತೋರಿಸಿದ ಬೀಜ ಸಣ್ಣ ಭತ್ತದಂತೆ ಉದ್ದಕ್ಕಿತ್ತು, ಹುಲ್ಲಿನ ಬಣ್ಣದ ಸಿಪ್ಪೆ ಇತ್ತು, ಉಗುರಿನಿಂದ ಸುಲಿದರೆ ಒಳಗೆ ಬೆಳ್ಳನೆಯ ಮೆತ್ತಗಿನ ಕಾಳಿತ್ತು. ನಮ್ಮ ಹವೆಗೆ ಇದು ಬರುತ್ತದೆಯೇ, ಬಂದರೆ ಮನೆ ಬಳಕೆಗೆ ನಮ್ಮ ಕಡೆಯ ಗಿರಣಿಯಲ್ಲೇ ಸಿಪ್ಪೆ ತೆಗೆಸಬಹುದೇ, ಆ ಏಜೆಂಟರ ಮಾತನ್ನು ನಂಬಬಹುದೇ? ಸ್ವಾತಿ ಮಳೆ ಮುಗಿಯುವುದರೊಳಗೆ ನಾನೊಂದು ತೀರ್ಮಾನಕ್ಕೆ ಬರಬೇಕಾಗಿದೆ.

ಹಿಂಗಾರು (ಚಿತ್ರದುರ್ಗ)

ಮಾನ್ಯರೇ, ನಾನು ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿ ನಿವೃತ್ತನಾದವನು. ತಾವು ತೀರ್ಮಾನದ ಅವಸರದಲ್ಲಿರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಓಟ್ಸ್ ಹಸಿರು ಮೇವಾಗಿ ಚೆನ್ನಾಗಿಯೇ ಬರುತ್ತದೆ. ಕಾಳಿನ ಬೆಳೆಯಾಗಿ ಅದನ್ನು ನಂಬಿ ಹಣ ಹಾಕಬಾರದು.

ಕಾರಣ ತಿಳಿಯಬೇಕಾದರೆ ಆ ಗಿಡದ ಹುಟ್ಟುಗುಣ ತಿಳಿಯಬೇಕು. ಕೆಲವು ನಿಘಂಟುಗಳಲ್ಲಿ ಇದಕ್ಕೆ ತೋಕೆಗೋಧಿ ಎಂಬ ಹೆಸರಿದೆ. ಆದರೆ ಗೋಧಿಯ ತೆನೆಯಂತೆ ಇದರ ತೆನೆ ಒತ್ತಾಗಿರುವುದಿಲ್ಲ. ಸಾಮೆಯ ತೆನೆಯಂತೆ ಕವಲೊಡೆದು, ಒಂದೊಂದು ಕಾಳೂ ತೂಗುಬಿದ್ದಿರುತ್ತದೆ. ಬಹಳ ಹಿಂದೆ ಇದು ಗೋಧಿ ಮತ್ತು ಬಾರ್ಲಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುತ್ತಿತ್ತು. ಬೇಸಾಯವು ಯುರೋಪಿನ ಚಳಿ ಮತ್ತು ತೇವದ ನಾಡುಗಳಿಗೆ ಹಬ್ಬಿದಾಗ, ಗೋಧಿ ಸೊರಗಿದ ಜಾಗದಲ್ಲಿ ಈ ಕಳೆ ಹುಲುಸಾಗಿ ಬಂದುದನ್ನು ಕಂಡು ಜನ ಅದನ್ನೇ ಬೆಳೆಯನ್ನಾಗಿ ಮಾಡಿಕೊಂಡರು. ಇಂದಿಗೂ ಕಾಳಿಗಾಗಿ ಹೆಚ್ಚು ಬೆಳೆಯುವವರು ರಷ್ಯಾ, ಕೆನಡಾ, ಪೋಲೆಂಡ್, ಫಿನ್‌ಲ್ಯಾಂಡ್‌ನಂತಹ ದೇಶದವರು, ಮತ್ತು ಆಸ್ಟ್ರೇಲಿಯಾದ ತಂಪು ಭಾಗದವರು. ನಮ್ಮ ದೇಶಕ್ಕೆ ಹೊರಗಿನಿಂದ ಬರುವ ಓಟ್ಸ್‌ನ ದೊಡ್ಡ ಪಾಲು ಆಸ್ಟ್ರೇಲಿಯಾದ್ದೇ.

ಈ ಗಿಡಕ್ಕೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತ. ಜೊತೆಗೆ ಇದು ಉದ್ದ ಹಗಲನ್ನು ಕಂಡು ತೆನೆ ಬಿಡುವ ಜಾತಿ. ಕೆನಡಾದಲ್ಲಿ ಚಳಿಗಾಲ ಕಳೆದ ಮೇಲೆ ಬಿತ್ತಿದ ಬೆಳೆಗೆ, ಬೇಸಿಗೆಯ ಹದಿನಾರು ಗಂಟೆಗಳ ಹಗಲು ಸಿಗುತ್ತದೆ, ಆದರೂ ಹವೆ ತಂಪಾಗಿರುತ್ತದೆ. ಚಿತ್ರದುರ್ಗದಲ್ಲಿ ಡಿಸೆಂಬರಿನ ಹಗಲು ಹನ್ನೊಂದೂ ಕಾಲು ಗಂಟೆಯಷ್ಟೇ. ಆದ್ದರಿಂದ ನಾವು ಅಕ್ಟೋಬರ್ ಕೊನೆಗೆ ಬಿತ್ತಿದರೆ ನವೆಂಬರ್, ಡಿಸೆಂಬರ್, ಜನವರಿಯ ತಂಪಿನಲ್ಲಿ ಗಿಡ ಚೆನ್ನಾಗಿ ತೆಂಡೆ ಒಡೆದು ಎಲೆ ತುಂಬಿಕೊಳ್ಳುತ್ತದೆಯೇ ಹೊರತು ತೆನೆಗೆ ಅವಸರ ಮಾಡುವುದಿಲ್ಲ. ಕೊನೆಗೂ ತೆನೆ ಹೊರಬಂದು ಕಾಳು ಹಾಲುಗಟ್ಟುವ ಹೊತ್ತಿಗೆ ಫೆಬ್ರವರಿ ದಾಟಿರುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಆ ಬಿಸಿಲಿಗೆ ಸಿಕ್ಕ ಕಾಳು ತುಂಬಿಕೊಳ್ಳದೆ ಬತ್ತಿ, ಜೊಳ್ಳಾಗುತ್ತದೆ. ಗೋಧಿಗೂ ನಮ್ಮಲ್ಲಿ ಇದೇ ತೊಂದರೆ ಇದೆ. ಆದರೆ ಗೋಧಿಯಲ್ಲಿ ಬೇಗ ಮಾಗುವ, ಬಿಸಿಲು ತಡೆಯುವ ತಳಿಗಳನ್ನು ತಲೆಮಾರುಗಳಿಂದ ಆರಿಸಿಕೊಂಡು ಬಂದಿದ್ದೇವೆ. ಓಟ್ಸ್‌ನಲ್ಲಿ ನಮ್ಮ ದೇಶದ ತಳಿ ಕೆಲಸ ಬಹುಪಾಲು ನಡೆದಿರುವುದು ಮೇವಿಗಾಗಿ. ಝಾನ್ಸಿಯಲ್ಲಿ 1962ರಲ್ಲಿ ಆರಂಭವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಜೆಎಚ್‌ಒ-822, ಜೆಎಚ್‌ಒ-851 ಮೇವಿನ ತಳಿಗಳೇ. ಬಹುಕಾಲದಿಂದ ರೂಢಿಯಲ್ಲಿರುವ ಕೆಂಟ್ ಎಂಬುದೂ ಮೇವಿಗೇ ಹೆಸರಾದದ್ದು. ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ. ಬೀಜದ ವಿಚಾರವನ್ನು ತಾವು ಅಲ್ಲಿಯೋ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ, ಹಿರಿಯೂರಿನ ಬಬ್ಬೂರು ಫಾರಂನಲ್ಲಿಯೋ ಕೇಳುವುದು ಒಳ್ಳೆಯದು.

ಇನ್ನು ಏಜೆಂಟರ ಮಾತು. ಬೀಜಕ್ಕೆ ಸಿಪ್ಪೆ ಇದ್ದುದರಲ್ಲಿ ತಪ್ಪೇನಿಲ್ಲ, ಓಟ್ಸ್ ಕಾಳೇ ಹಾಗೆ. ಆದರೆ ಅವರನ್ನು ಮೂರು ಮಾತು ಕೇಳಿ. ತಳಿಯ ಹೆಸರೇನು? ಪ್ರಮಾಣಿತ ಬೀಜವಾಗಿದ್ದರೆ ಚೀಲದ ಮೇಲೆ ನೀಲಿ ಚೀಟಿ ಎಲ್ಲಿದೆ? ಕೊಂಡ ಕಾಳನ್ನು ಯಾವ ಗಿರಣಿಗೆ ಒಯ್ಯುತ್ತಾರೆ? ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುವ ಬೆಳೆಗಳಲ್ಲಿ ಬಾರ್ಲಿ ಇದೆ, ಓಟ್ಸ್ ಇಲ್ಲ. ದಾವಣಗೆರೆ ಎಪಿಎಂಸಿಗೆ ಒಯ್ದರೆ ಮೆಕ್ಕೆಜೋಳವನ್ನು ಕೇಳುವಂತೆ ಇದನ್ನು ಕೇಳುವ ದಲ್ಲಾಳಿ ಸಿಗುವುದಿಲ್ಲ. ಆ ಏಜೆಂಟರು ಕೊಳ್ಳಲು ಬರದಿದ್ದರೆ ತಮ್ಮ ಕಾಳಿಗೆ ಎರಡನೆಯ ಗಿರಾಕಿಯೇ ಇರುವುದಿಲ್ಲ. ಒಪ್ಪಂದ ಕಾಗದದ ಮೇಲೆ, ಗುಣಮಟ್ಟದ ಷರತ್ತುಗಳೊಂದಿಗೆ ಬರದ ಹೊರತು ಒಂದು ರೂಪಾಯಿಯನ್ನೂ ಕೊಡಬೇಡಿ. ಕಾಗದವಿದ್ದರೂ ಜೊಳ್ಳು ಕಾಳನ್ನು ಅವರು ತಿರಸ್ಕರಿಸಬಹುದು, ನಮ್ಮ ಬಿಸಿಲಿನಲ್ಲಿ ಬರುವುದು ಹೆಚ್ಚಾಗಿ ಅದೇ.

ಹೊಟ್ಟು ತೂರುವವನು (ಹೊಸದುರ್ಗ)

ಹಿರಿಯರು ಹೊಲದ ಮಾತನ್ನು ಹೇಳಿದ್ದಾರೆ. ನಾನು ಸಾಮೆ, ನವಣೆ, ಕೊರಲೆಗಳ ಸಿಪ್ಪೆ ತೆಗೆಯುವ ಸಣ್ಣ ಗಿರಣಿ ನಡೆಸುತ್ತಿರುವುದರಿಂದ ಯಂತ್ರದ ಮಾತನ್ನು ಹೇಳುತ್ತೇನೆ, ಏಕೆಂದರೆ ಇದನ್ನು ನಾನು ಕೈಯಾರೆ ಮಾಡಿ ನೋಡಿದ್ದೇನೆ.

ಪರಿಚಯದ ಹೈನುಗಾರರೊಬ್ಬರು ಮೇವಿಗೆ ಹಾಕಿದ್ದ ಓಟ್ಸ್‌ನಲ್ಲಿ ಎರಡು ಮಡಿಗಳನ್ನು ಕೊಯ್ಯದೆ ಬಿಟ್ಟು, ಬಡಿದು, ಹತ್ತು ಕೆಜಿ ಕಾಳು ತಂದುಕೊಟ್ಟರು. ನನ್ನದು ಕಾಳನ್ನು ವೇಗವಾಗಿ ತಿರುಗಿಸಿ ಗೋಡೆಗೆ ಅಪ್ಪಳಿಸಿ ಸಿಪ್ಪೆ ಬಿಡಿಸುವ ಯಂತ್ರ. ಓಟ್ಸ್‌ನ ದೊಡ್ಡ ಗಿರಣಿಗಳಲ್ಲೂ ಬಳಸುವುದು ಇದೇ ಬಗೆಯ ಯಂತ್ರವನ್ನೇ ಆದುದರಿಂದ ಕೆಲಸ ಸುಲಭವೆಂದು ಭಾವಿಸಿದ್ದೆ. ನವಣೆಗೆ ಇಟ್ಟಿದ್ದ ವೇಗದಲ್ಲಿ ಬಿಟ್ಟಾಗ ಕಾಳೆಲ್ಲ ನುಚ್ಚಾಯಿತು, ಏಕೆಂದರೆ ಓಟ್ಸ್ ಕಾಳು ನವಣೆಗಿಂತ ಬಹಳ ಮೆದು. ವೇಗ ಇಳಿಸಿದಾಗ ಅರ್ಧ ಕಾಳು ಸಿಪ್ಪೆ ಸಮೇತ ಹಾಗೆಯೇ ಹೊರಬಂತು. ಸಿಪ್ಪೆ ಇರುವ ಕಾಳನ್ನೂ ಬಿಟ್ಟ ಕಾಳನ್ನೂ ಬೇರ್ಪಡಿಸುವ ಜರಡಿ ನನ್ನಲ್ಲಿರಲಿಲ್ಲ. ದುಂಡಗಿನ ಸಾಮೆಗೆ ಕೊರೆದ ಜರಡಿಯಲ್ಲಿ ಈ ಉದ್ದನೆಯ ಕಾಳು ನಿಂತರೆ ಇಳಿಯುತ್ತದೆ, ಮಲಗಿದರೆ ಇಳಿಯುವುದಿಲ್ಲ. ಕೊನೆಗೆ ನನ್ನ ಹೆಂಡತಿ ಮೊರದಲ್ಲಿ ಕೇರಿ, ಕೈಯಲ್ಲಿ ಆರಿಸಬೇಕಾಯಿತು. ಒಳ್ಳೆಯ ಓಟ್ಸ್‌ನಲ್ಲೂ ತೂಕದ ನೂರಕ್ಕೆ 25ರಿಂದ 30 ಪಾಲು ಹೊಟ್ಟೇ ಇರುತ್ತದೆ. ನಮ್ಮ ಕಾಳಿನಲ್ಲಿ ಜೊಳ್ಳೂ ಸೇರಿದ್ದರಿಂದ ಹತ್ತು ಕೆಜಿಗೆ ಕೈಗೆ ಬಂದ ಶುದ್ಧ ಕಾಳು ನಾಲ್ಕೂವರೆ ಕೆಜಿ. ಇನ್ನೊಂದು ಮಾತು: ಸಿಪ್ಪೆ ಬಿಟ್ಟ ಕಾಳಿನ ಮೈಮೇಲೆ ಸಣ್ಣ ನವಿರಿರುತ್ತದೆ. ಅದು ಧೂಳಿನೊಂದಿಗೆ ಎದ್ದು ಕುತ್ತಿಗೆಗೂ ಮೊಣಕೈಗೂ ಅಂಟಿ, ಆ ದಿನ ರಾತ್ರಿಯವರೆಗೂ ನವೆ ಬಿಡಲಿಲ್ಲ.

ಇಷ್ಟಾದ ಮೇಲೂ ನಿಜವಾದ ಪೆಟ್ಟು ಬಿದ್ದದ್ದು ಒಂದು ವಾರ ಕಳೆದ ಮೇಲೆ. ಅದೇ ದಿನ ಹಿಟ್ಟು ಮಾಡಿ ಬೇಯಿಸಿದ ಅಂಬಲಿ ಹಾಲಿನಂತೆ ಸಿಹಿಯಾಗಿ ಬಹಳ ಚೆನ್ನಾಗಿತ್ತು. ಉಳಿದ ಹಿಟ್ಟನ್ನು ಡಬ್ಬಿಯಲ್ಲಿಟ್ಟು ಎಂಟನೆಯ ದಿನ ಮುಚ್ಚಳ ತೆರೆದರೆ ಹಳೆಯ ಎಣ್ಣೆಯ ವಾಸನೆ, ನಾಲಿಗೆಗೆ ಸಾಬೂನಿನಂತಹ ಕಹಿ. ವಿಚಾರಿಸಿದಾಗ ಕಾರಣ ತಿಳಿಯಿತು. ಅಕ್ಕಿ, ಗೋಧಿಗಿಂತ ಓಟ್ಸ್‌ನಲ್ಲಿ ಕೊಬ್ಬಿನಂಶ ಹೆಚ್ಚು, ಸಿಪ್ಪೆ ಬಿಟ್ಟ ಕಾಳಿನಲ್ಲಿ ನೂರಕ್ಕೆ ಸುಮಾರು 7ರಷ್ಟು. ಆ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಕಾಳಿನ ಹೊರಪದರದಲ್ಲೇ ಇರುತ್ತದೆ. ಕಾಳು ಇಡಿಯಾಗಿರುವಷ್ಟು ಕಾಲ ಎರಡೂ ದೂರದೂರ. ಯಂತ್ರದ ಪೆಟ್ಟು ಬಿದ್ದು ಕಾಳು ಬಿರಿದ ಕೂಡಲೇ ಒಂದಕ್ಕೊಂದು ಸೇರಿ ಕಹಿ ಹುಟ್ಟುತ್ತದೆ. ಆದ್ದರಿಂದಲೇ ಓಟ್ಸ್ ಗಿರಣಿಗಳಲ್ಲಿ ಸಿಪ್ಪೆ ತೆಗೆದ ಬೆನ್ನಿಗೇ ಕಾಳನ್ನು ಹಬೆಯಲ್ಲಿ ಬೇಯಿಸಿ, ಆ ಕಿಣ್ವದ ಶಕ್ತಿಯನ್ನು ಕುಂದಿಸಿ, ಗೂಡಿನ ಬಿಸಿಯಲ್ಲಿ ಒಣಗಿಸುತ್ತಾರೆ. ನಾವು ಅಂಗಡಿಯಲ್ಲಿ ಕೊಳ್ಳುವ ಅವಲಕ್ಕಿಯಂತಹ ಓಟ್ಸ್ ಮತ್ತೊಮ್ಮೆ ಹಬೆಗೆ ಒಡ್ಡಿ, ಮೆದುವಾದ ಮೇಲೆ ಉರುಳೆಗಳ ನಡುವೆ ಒತ್ತಿ ಚಪ್ಪಟೆ ಮಾಡಿದ್ದು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಕಂಡವರಿಗೆ ಇಂತಹ ಹದದ ಕೆಲಸದಲ್ಲಿ ಬಿಸಿ ಮತ್ತು ತೇವದ ಲೆಕ್ಕ ಎಷ್ಟು ಬಿಗಿಯೆಂಬುದು ಗೊತ್ತಿರುತ್ತದೆ. ನಮ್ಮ ಸಿರಿಧಾನ್ಯದ ಗಿರಣಿಗಳಲ್ಲಿ ಈ ಹಬೆಯ ವ್ಯವಸ್ಥೆ ಇಲ್ಲ. ಆದ್ದರಿಂದ ಮನೆ ಬಳಕೆಗೆಂದು ಬೆಳೆದು ನನ್ನಂತಹವನ ಬಳಿ ತಂದರೆ, ಸರ್, ನಾನು ಬೇಡವೆಂದೇ ಹೇಳುತ್ತೇನೆ.

ಕೊರಲೆ (ಚಳ್ಳಕೆರೆ)

ಇಷ್ಟೆಲ್ಲ ತಾಪತ್ರಯ ಇರುವ ಪರದೇಶದ ಕಾಳು ನಮಗೆ ಏಕೆ ಬೇಕೆಂಬುದೇ ನನ್ನ ಪ್ರಶ್ನೆ. ನಮ್ಮ ಅಜ್ಜಿ ತೊಂಬತ್ತು ವರ್ಷ ಬದುಕಿದ್ದು ನವಣೆ ಅನ್ನ, ಕೊರಲೆ ಅನ್ನ, ರಾಗಿ ಮುದ್ದೆಯ ಮೇಲೆ. ಅವು ನಮ್ಮ ಕಲ್ಲು ನೆಲದಲ್ಲಿ, ಬಿದ್ದಷ್ಟು ಮಳೆಯಲ್ಲಿ ಬೆಳೆಯುತ್ತವೆ, ಮತ್ತು ರೈತಸಿರಿ ಯೋಜನೆಯಲ್ಲಿ ಕಿರುಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹ ಧನವನ್ನೂ ರಾಜ್ಯ ಸರ್ಕಾರ ಕೊಟ್ಟಿದೆ. ಓಟ್ಸ್‌ನಲ್ಲಿ ಇರುವುದೆಲ್ಲ ನವಣೆಯಲ್ಲೂ ಇದೆ. ವೈದ್ಯರು ಹೇಳಿದರೆಂದು ತಾಯಿಯವರಿಗೆ ಡಬ್ಬಿಯ ಆಹಾರ ಕೊಡುವ ಬದಲು ನವಣೆ ಕೊಡಿ, ಹೊಲದಲ್ಲೂ ಅದನ್ನೇ ಬಿತ್ತಿ.

ಪಥ್ಯದ ಅಡುಗೆ (ದಾವಣಗೆರೆ)

ಚಳ್ಳಕೆರೆಯ ಸಹೋದರರ ಕಾಳಜಿ ನನಗೂ ಇದೆ, ಹೊಲದ ಮಟ್ಟಿಗೆ ಅವರ ಮಾತು ಸರಿಯಾಗಿಯೂ ಇರಬಹುದು. ಆದರೆ ಓಟ್ಸ್‌ನಲ್ಲಿ ಇರುವುದೆಲ್ಲ ನವಣೆಯಲ್ಲೂ ಇದೆ ಎಂಬುದನ್ನು, ಆಹಾರ ಸಲಹೆಗಾರ್ತಿಯಾಗಿ ಕೆಲಸ ಮಾಡುವ ನಾನು ಒಪ್ಪಲಾರೆ. ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುವುದು ಅಗತ್ಯ, ಏಕೆಂದರೆ ಆ ತಾಯಿಯವರಿಗೆ ವೈದ್ಯರು ಓಟ್ಸ್ ಹೇಳಿದ್ದಕ್ಕೆ ತಕ್ಕ ಕಾರಣವಿದೆ.

ಓಟ್ಸ್ ಗಂಜಿ ಮಾಡಿದವರು ಗಮನಿಸಿರಬಹುದು: ಹತ್ತು ನಿಮಿಷ ಆರಲು ಬಿಟ್ಟರೆ ಅದು ರಾಗಿ ಅಂಬಲಿಯಂತೆ ನೀರು ಬಿಟ್ಟುಕೊಳ್ಳದೆ, ಚಮಚ ಎತ್ತಿದರೆ ಲೋಳೆಸರದ ತಿರುಳಿನಂತೆ ಎಳೆಯಾಗಿ ಇಳಿಯುತ್ತದೆ. ಆ ಲೋಳೆಯೇ ಬೀಟಾ-ಗ್ಲೂಕಾನ್ ಎಂಬ ಕರಗುವ ನಾರು. ಕರುಳಿನೊಳಗೂ ಅದು ಹೀಗೆಯೇ ಗಟ್ಟಿ ಲೋಳೆಯಾಗಿ, ಕೊಬ್ಬನ್ನು ಅರಗಿಸಲು ಯಕೃತ್ತು ಸುರಿಸಿದ ಪಿತ್ತರಸದ ಆಮ್ಲಗಳನ್ನು ಹಿಡಿದುಕೊಂಡು ಮಲದೊಡನೆ ಹೊರಹಾಕುತ್ತದೆ. ಕಳೆದುಹೋದ ಪಿತ್ತಾಮ್ಲವನ್ನು ಮತ್ತೆ ತಯಾರಿಸಲು ಯಕೃತ್ತಿಗೆ ಕೊಲೆಸ್ಟ್ರಾಲ್ ಬೇಕು. ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಹೀಗೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕಾನ್ ಹೊಟ್ಟೆಗೆ ಹೋದರೆ ಈ ಪರಿಣಾಮ ಕಾಣುತ್ತದೆಂಬ ಆಧಾರದ ಮೇಲೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ಓಟ್ಸ್ ಪೊಟ್ಟಣಗಳ ಮೇಲೆ ಹೃದಯದ ಆರೋಗ್ಯದ ಮಾತನ್ನು ಮುದ್ರಿಸಲು ಅನುಮತಿ ಕೊಟ್ಟಿತು. ಓಟ್ಸ್‌ನ ತೂಕದಲ್ಲಿ ನೂರಕ್ಕೆ ಸುಮಾರು 4ರಷ್ಟು ಈ ನಾರು ಇರುವುದರಿಂದ 3 ಗ್ರಾಂಗೆ ಬೇಕಾಗುವುದು 75 ಗ್ರಾಂ ಓಟ್ಸ್. ಈ ನಾರು ಧಾರಾಳವಾಗಿರುವ ಇನ್ನೊಂದು ಧಾನ್ಯವೆಂದರೆ ಬಾರ್ಲಿ, ಅಂದರೆ ಜವೆಗೋಧಿ. ನವಣೆ, ಸಾಮೆ, ಕೊರಲೆಗಳಲ್ಲಿ ನಾರು ಚೆನ್ನಾಗಿಯೇ ಇದೆ, ಪಾಲಿಶ್ ಅಕ್ಕಿಗಿಂತ ಅವು ಎಷ್ಟೋ ಮೇಲು. ಆದರೆ ಈ ಲೋಳೆಯ ನಾರಿನ ಕೆಲಸವನ್ನು ಅವುಗಳಿಂದ ನಿರೀಕ್ಷಿಸಬಾರದು. ಹಾಗೆಯೇ 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ ಇದ್ದರೆ, ಓಟ್ಸ್‌ನಲ್ಲಿ ಸುಮಾರು 54 ಮಿಲಿಗ್ರಾಂ ಮಾತ್ರ. ವಯಸ್ಸಾದ ಹೆಂಗಸರ ಮೂಳೆಗೆ ರಾಗಿ ಬೇಕೇ ಬೇಕು. ಆದ್ದರಿಂದ ಬೆಳಿಗ್ಗೆ ಓಟ್ಸ್ ಕೊಟ್ಟರೂ ಮಧ್ಯಾಹ್ನದ ಮುದ್ದೆಯನ್ನು ದಯವಿಟ್ಟು ಬಿಡಿಸಬೇಡಿ.

ಪ್ರಶ್ನೆ ಕೇಳಿದ ಸಹೋದರರಿಗೆ ಒಂದು ಲೆಕ್ಕ. ದಿನಕ್ಕೆ 75 ಗ್ರಾಂ ಎಂದರೆ ತಿಂಗಳಿಗೆ ಎರಡೂಕಾಲು ಕೆಜಿ, ಖರ್ಚು ಸುಮಾರು ನಾಲ್ಕು ನೂರು ರೂಪಾಯಿ. ವರ್ಷವಿಡೀ ತಾಯಿಯವರಿಗೆ ಬೇಕಾಗುವುದು 27 ಕೆಜಿ. ಇಷ್ಟಕ್ಕಾಗಿ ನೀರಾವರಿ ಭೂಮಿಯನ್ನೂ ಗಿರಣಿಯ ಕಷ್ಟವನ್ನೂ ಹಚ್ಚಿಕೊಳ್ಳಬೇಕಾಗಿಲ್ಲ. ಕೊಳ್ಳುವಾಗ ಮಸಾಲೆ ಬೆರೆಸಿದ ಪೊಟ್ಟಣಗಳನ್ನು ಬಿಟ್ಟುಬಿಡಿ, ಅವುಗಳಲ್ಲಿ ಉಪ್ಪು ಹೆಚ್ಚು. ತೀರಾ ತೆಳ್ಳಗೆ ಪುಡಿಯಂತಿರುವ, ಬಿಸಿನೀರು ಹಾಕಿದೊಡನೆ ಸಿದ್ಧವಾಗುವ ಬಗೆಗಿಂತ ದಪ್ಪ ಪದರದ ಸಾದಾ ಓಟ್ಸ್ ಒಳ್ಳೆಯದು. ಕತ್ತರಿಸಿದ ನುಚ್ಚಿನ ರೂಪದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಕಾಳು ಎಷ್ಟು ಇಡಿಯಾಗಿರುತ್ತದೋ ರಕ್ತದ ಸಕ್ಕರೆ ಅಷ್ಟು ನಿಧಾನವಾಗಿ ಏರುತ್ತದೆ. ಹಾಲು ಸಕ್ಕರೆಯ ಗಂಜಿ ಆ ವಯಸ್ಸಿನವರಿಗೆ ಸೇರುವುದಿಲ್ಲ. ಓಟ್ಸ್ ಅನ್ನು ಮೊದಲು ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದುಕೊಂಡು, ಜೋಳದ ನುಚ್ಚು ಮಾಡುವಂತೆ ಬೇಯಿಸಿ, ಮಜ್ಜಿಗೆ, ಜೀರಿಗೆ, ಹಸಿ ಈರುಳ್ಳಿ ಬೆರೆಸಿಕೊಟ್ಟರೆ ನಮ್ಮ ಕಡೆಯ ಅಜ್ಜಿಯರು ಇಷ್ಟಪಟ್ಟು ಉಣ್ಣುತ್ತಾರೆಂಬುದು ನನ್ನ ಅನುಭವ. ಮೊದಲ ವಾರ 30 ಗ್ರಾಂನಿಂದ ಆರಂಭಿಸಿ, ನೀರು ಹೆಚ್ಚು ಕುಡಿಸಿ. ಇಲ್ಲವಾದರೆ ಹೊಟ್ಟೆ ಉಬ್ಬರಿಸುತ್ತದೆ. ಓಟ್ಸ್ ತಿನ್ನುತ್ತಿದ್ದೇನೆಂದು ಮಾತ್ರೆಯನ್ನು ತಾವೇ ನಿಲ್ಲಿಸುವ ತಾಯಂದಿರನ್ನು ನಾನು ಬಹಳ ಕಂಡಿದ್ದೇನೆ. ಹಾಗೆ ಆಗದಂತೆ ದಯವಿಟ್ಟು ನೋಡಿಕೊಳ್ಳಿ.

ಹಾಲಿನ ಮನೆ (ಹರಿಹರ)

ಅಣ್ಣ, ನಿಮ್ಮ ಕೊಟ್ಟಿಗೆಯಲ್ಲಿ ಮೂರು ರಾಸುಗಳಿವೆ ಎಂದು ಬರೆದಿದ್ದೀರಿ, ಆದರೆ ಅವುಗಳ ಬಗ್ಗೆ ಏನನ್ನೂ ಕೇಳಿಲ್ಲ. ನನ್ನ ದೃಷ್ಟಿಯಲ್ಲಿ ಓಟ್ಸ್ ಬಿತ್ತುವುದಾದರೆ ಅವುಗಳಿಗಾಗಿಯೇ ಬಿತ್ತಬೇಕು. ನಾನು ಮೂರು ಚಳಿಗಾಲ ಅರ್ಧ ಎಕರೆಯಲ್ಲಿ ಕೆಂಟ್ ತಳಿ ಬೆಳೆದಿದ್ದೇನೆ.

ಮೆಕ್ಕೆಜೋಳ ಮುರಿದ ಮೇಲೆ ನಮ್ಮಲ್ಲಿ ಉಳಿಯುವುದು ಒಣ ಸೊಪ್ಪೆ ಮತ್ತು ಭತ್ತದ ಹುಲ್ಲು. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3ರಿಂದ 4 ಮಾತ್ರ. ಹದವಾಗಿ ಕೊಯ್ದ ಓಟ್ಸ್ ಮೇವಿನಲ್ಲಿ ಒಣ ತೂಕದ ಲೆಕ್ಕಕ್ಕೆ 9ರಿಂದ 12ರವರೆಗೆ ಇರುತ್ತದೆ. ನೇಪಿಯರ್ ಹುಲ್ಲು ಚಳಿಗೆ ಬೆಳವಣಿಗೆ ನಿಲ್ಲಿಸಿ ಮುದುಡುವ ಕಾಲದಲ್ಲೇ ಇದು ಚಿಗುರುತ್ತದೆ. ಕಾಂಡ ಮೆದುವಾಗಿ ರಸವಾಗಿರುವುದರಿಂದ ದನ ಗೋದಲಿಯಲ್ಲಿ ಕಡ್ಡಿ ಬಿಡುವುದಿಲ್ಲ. ಮೊದಲ ಸಲ ಕೊಯ್ದು ಹಾಕಿದ ದಿನ ನಮ್ಮ ಹಸು ಹೊರೆ ಇಳಿಸುವವರೆಗೂ ಕಾಯದೆ ನನ್ನ ತೋಳಿನಡಿಯಿಂದಲೇ ಎಳೆದುಕೊಂಡು ತಿಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಸುವಿಗೆ ದಿನಕ್ಕೆ ಅರ್ಧ ಕೆಜಿ ಹಿಂಡಿ ಕಡಿಮೆ ಮಾಡಿದರೂ ಹಾಲು ಇಳಿಯಲಿಲ್ಲ.

ಬಿತ್ತನೆಗೆ ಎಕರೆಗೆ 35ರಿಂದ 40 ಕೆಜಿ ಬೀಜ ಬೇಕು. ಕೂರಿಗೆಯಲ್ಲಿ ಮುಕ್ಕಾಲು ಅಡಿ ಸಾಲಿನಲ್ಲಿ, ಎರಡು ಬೆರಳು ಆಳಕ್ಕೆ ಬಿತ್ತಬೇಕು. ಸ್ವಾತಿ ಮಳೆಯ ಹೊತ್ತು ಒಳ್ಳೆಯದು. ನವೆಂಬರ್ ಮಧ್ಯ ದಾಟಿಸಿದರೆ ಎರಡನೆಯ ಕೊಯ್ಲು ಬಿಸಿಲಿಗೆ ಸಿಕ್ಕುತ್ತದೆ, ಎಲೆಯ ಮೇಲೆ ಅರಿಶಿನ ಎರಚಿದಂತೆ ತುಕ್ಕು ರೋಗವೂ ಬರಬಹುದು. ಇಡೀ ಜಮೀನನ್ನು ಒಂದೇ ದಿನ ಬಿತ್ತಬೇಡಿ. ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಮೂರು ಮಡಿಗಳಾಗಿ ಬಿತ್ತಿದರೆ ದಿನವೂ ಎಳೆಯ ಮೇವು ಸಿಗುತ್ತದೆ. ಮೊದಲ ಕೊಯ್ಲು 55ರಿಂದ 60 ದಿನಕ್ಕೆ, ಎರಡನೆಯದು ಅಲ್ಲಿಂದ ಒಂದೂವರೆ ತಿಂಗಳಿಗೆ, ಅರ್ಧ ತೆನೆ ಹೊರಬಂದಾಗ. ಮೊದಲ ವರ್ಷ ನಾನು ಹುಲ್ಲು ಕೊಯ್ಯುವ ಅಭ್ಯಾಸದಂತೆ ನೆಲಮಟ್ಟಕ್ಕೆ ಕುಡುಗೋಲು ಹಾಕಿದ್ದರಿಂದ ಅರ್ಧ ಗಿಡ ಮತ್ತೆ ಚಿಗುರಲೇ ಇಲ್ಲ. ನಾಲ್ಕು ಬೆರಳು, ಅಂದರೆ 8ರಿಂದ 10 ಸೆಂಟಿಮೀಟರ್ ಕೂಳೆ ಬಿಟ್ಟು ಕೊಯ್ಯಿರಿ.

ಎರಡನೆಯ ವರ್ಷ ನನ್ನಿಂದಲೇ ಒಂದು ದೊಡ್ಡ ತಪ್ಪಾಯಿತು. ಅದನ್ನು ಬರೆಯದೆ ಇರಲಾರೆ. ಯೂರಿಯಾ ಚೆಲ್ಲಿ ಐದಾರು ದಿನವಾಗಿತ್ತು, ಮೋಡ ಕವಿದ ವಾರ, ಮನೆಯಲ್ಲಿ ಬೇರೆ ಮೇವಿರಲಿಲ್ಲ, ಅದನ್ನೇ ಕೊಯ್ದು ಹೊಟ್ಟೆ ತುಂಬ ಹಾಕಿದೆ. ಸಂಜೆಗೆ ಒಂದು ಹಸು ಬಾಯಿ ತೆರೆದು ಏದುಸಿರು ಬಿಡತೊಡಗಿತು, ವಸಡು ಕಂದು ಬಣ್ಣಕ್ಕೆ ತಿರುಗಿತ್ತು. ಪಶುವೈದ್ಯರು ಬಂದು ರಕ್ತನಾಳಕ್ಕೆ ಮೆಥಿಲೀನ್ ಬ್ಲೂ ಕೊಟ್ಟ ಮೇಲೆ ಉಳಿಯಿತು. ಗೊಬ್ಬರದ ಸಾರಜನಕ ಗಿಡದೊಳಗೆ ನೈಟ್ರೇಟ್ ಆಗಿ ನಿಂತುಬಿಟ್ಟಿರುತ್ತದೆಂದೂ, ಬಿಸಿಲಿಲ್ಲದ ದಿನಗಳಲ್ಲಿ ಗಿಡ ಅದನ್ನು ಬಳಸಿಕೊಳ್ಳಲಾರದೆಂದೂ ಅವರು ವಿವರಿಸಿದರು. ಎಳೆ ಜೋಳದ ವಿಷ ನಮಗೆಲ್ಲ ಗೊತ್ತು. ಅದು ಬೇರೆ, ಓಟ್ಸ್‌ನಲ್ಲಿ ಆ ವಿಷ ಇರುವುದಿಲ್ಲ, ಆದರೆ ಈ ನೈಟ್ರೇಟ್ ಇರಬಹುದು. ಅಂದಿನಿಂದ ಯೂರಿಯಾ ಹಾಕಿ ಮೂರು ವಾರ ಕಳೆಯದೆ ಕೊಯ್ಯುವುದಿಲ್ಲ, ಮತ್ತು ಯಾವತ್ತೂ ಒಣಹುಲ್ಲು ಬೆರೆಸದೆ ಬರೀ ಹಸಿರನ್ನೇ ಹಾಕುವುದಿಲ್ಲ.

ಹಿಂಗಾರು (ಚಿತ್ರದುರ್ಗ)

ಹರಿಹರದ ತಾಯಿಯವರ ಮಾತಿಗೆ ಸಣ್ಣ ಸೇರ್ಪಡೆ. ಎಕರೆಗೆ ಸಾರಜನಕ 32ರಿಂದ 40 ಕೆಜಿ, ರಂಜಕ 16 ಕೆಜಿ ಸಾಕು. ಸಾರಜನಕದ ಅರ್ಧವನ್ನು ಬಿತ್ತುವಾಗಲೂ, ಉಳಿದುದನ್ನು ಮೊದಲ ನೀರಿಗೆ ಮತ್ತು ಮೊದಲ ಕೊಯ್ಲಿನ ಬೆನ್ನಿಗೆ ಹಂಚಿಯೂ ಕೊಡಿ. ಮಸಾರಿ ನೆಲವಾದ್ದರಿಂದ ಹತ್ತು ಹನ್ನೆರಡು ದಿನಕ್ಕೊಮ್ಮೆ ನೀರು ಬೇಕಾಗಬಹುದು. ಉತ್ತರದ ನೀರಾವರಿ ಭೂಮಿಯಲ್ಲಿ ಹೆಕ್ಟೇರಿಗೆ 400ರಿಂದ 500 ಕ್ವಿಂಟಲ್ ಹಸಿರು ಮೇವು ಬರುತ್ತದೆ. ನಮ್ಮ ಚಳಿ ಚಿಕ್ಕದಾದ್ದರಿಂದ ಎರಡು ಕೊಯ್ಲು ಸೇರಿ ಅರ್ಧ ಎಕರೆಗೆ ಆರೇಳು ಟನ್ ಎಂದು ಇಟ್ಟುಕೊಳ್ಳಿ. ರಾಸಿಗೆ ದಿನಕ್ಕೆ 25 ಕೆಜಿಯಂತೆ ಮೂರಕ್ಕೆ 75 ಕೆಜಿ; ಮೂರು ತಿಂಗಳಿಗೆ ಬೇಕಾಗುವುದು 6,750 ಕೆಜಿ. ಅಂದರೆ ತಮಗೆ ಅರ್ಧ ಎಕರೆ, ಇಪ್ಪತ್ತು ಕೆಜಿ ಬೀಜ. ಬದುವಿನ ಪಕ್ಕ ನಾಲ್ಕು ಸಾಲು ಕುದುರೆ ಮೆಂತೆ ಹಾಕಿದರೆ ಓಟ್ಸ್ ಮುಗಿದ ಮೇಲೂ ಹಸಿರು ಉಳಿಯುತ್ತದೆ.

ಮಸಾರಿ ಹೊಲ (ಜಗಳೂರು)

ಉತ್ತರ ಬರೆದ ಎಲ್ಲರಿಗೂ ಕೈಮುಗಿದು ಕೃತಜ್ಞತೆ ಹೇಳುತ್ತೇನೆ. ಏಜೆಂಟರಿಗೆ ನಿನ್ನೆಯೇ ಕರೆ ಮಾಡಿ ತಳಿಯ ಹೆಸರನ್ನೂ ಗಿರಣಿಯ ಊರನ್ನೂ ಕೇಳಿದೆ. ತಳಿ ವಿದೇಶದ್ದೆಂದರು, ಗಿರಣಿ ಮುಂದಿನ ವರ್ಷ ಆಗುತ್ತದೆಂದರು. ಬೀಜ ಬೇಡವೆಂದು ತಿಳಿಸಿದ್ದೇನೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಅರ್ಧ ಎಕರೆಗೆ ಮೇವಿನ ಬೀಜ ತರುತ್ತೇನೆ. ಉಳಿದ ಒಂದು ಎಕರೆಗೆ ಈ ಹಿಂಗಾರಿಗೆ ಕಡಲೆ ಹಾಕಿ, ಚಳ್ಳಕೆರೆಯ ಅಣ್ಣನವರ ಮಾತಿನಂತೆ ಮುಂದಿನ ಮುಂಗಾರಿಗೆ ಮಳೆಯಾಶ್ರಿತ ಹೊಲದ ಒಂದು ಭಾಗದಲ್ಲಿ ನವಣೆ ಬಿತ್ತುತ್ತೇನೆ. ಅವ್ವನಿಗೆ ಮಜ್ಜಿಗೆ ಬೆರೆಸಿದ ಓಟ್ಸ್ ನುಚ್ಚು ಮಾಡಿಕೊಟ್ಟೆವು; ಉಪ್ಪು ಸಾಲದೆಂದಳು, ಆದರೆ ತಟ್ಟೆಯಲ್ಲಿ ಉಳಿಸಲಿಲ್ಲ.

ಅಕ್ಕನವರೇ, ಒಂದೇ ಒಂದು ಅನುಮಾನ ಉಳಿದಿದೆ. ನಮ್ಮ ಎಮ್ಮೆ ಆರು ತಿಂಗಳ ಗಬ್ಬ. ಅದಕ್ಕೂ ಇದೇ ಅಳತೆಯಲ್ಲಿ ಹಾಕಬಹುದೇ?

ಹಾಲಿನ ಮನೆ (ಹರಿಹರ)

ಹಾಕಬಹುದು ಅಣ್ಣ, ಆದರೆ ನೈಟ್ರೇಟ್ ಹೆಚ್ಚಾದರೆ ಗಬ್ಬದ ರಾಸು ಕಂದು ಹಾಕುವ, ಅಂದರೆ ಗರ್ಭ ಇಳಿದುಹೋಗುವ ಅಪಾಯವಿರುವುದರಿಂದ ಎಮ್ಮೆಗೆ ಇನ್ನೂ ಎಚ್ಚರ ಬೇಕು. ಮೊದಲ ವಾರ ದಿನಕ್ಕೆ ಐದು ಕೆಜಿಯಿಂದ ಶುರುಮಾಡಿ, ಸೊಪ್ಪೆಯ ಜೊತೆ ಕತ್ತರಿಸಿ ಬೆರೆಸಿ, ಎರಡು ಹೊತ್ತಿಗೆ ಹಂಚಿ ಹಾಕಿ. ಯೂರಿಯಾ ಹಾಕಿದ ಮಡಿಯ ಮೇವನ್ನು ಹಸುಗಳಿಗೆ ಇಟ್ಟುಕೊಂಡು, ಬರೀ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದ ಒಂದು ಮಡಿಯನ್ನು ಎಮ್ಮೆಗೆಂದೇ ಬೇರೆ ಇಡಿ. ಆ ಮಡಿಯನ್ನು ಕೊಟ್ಟಿಗೆಯ ಹತ್ತಿರದಲ್ಲೇ ಬಿತ್ತಿದರೆ ಕೊಯ್ಯುವವರಿಗೆ ಗೊಂದಲವಾಗುವುದಿಲ್ಲ.